ಬೈಯದ ಕೋಚ್ ತಂಡ ಸೋಲುತ್ತದೆಯೇ? ಒಂದು ಸ್ಪಷ್ಟನೆ

"ಮಕ್ಕಳ ತಂಡಗಳ ಸ್ವಯಂಸೇವಕ ಕೋಚ್‌ಗಳಿಗೆ ಕೊಡುವ ತರಬೇತಿ ಎಂದರೆ ಸುಮ್ನೆ ಹೊಗಳುವುದನ್ನು ಕಲಿಸುವುದು. ಅಂಥ ಕೋಚ್‌ಗಳ ತಂಡ ಸೋಲುತ್ತದೆ" ಎಂಬ ಮಾತು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಇದನ್ನು ಅಮೆರಿಕದ ಸಿಯಾಟಲ್‌ನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮಾಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ತರಬೇತಿ ಕೊಟ್ಟರು. ಬರೀ ಕೆಲವು ಗಂಟೆಗಳ ಕಾರ್ಯಾಗಾರ, ಅಷ್ಟೇ. ತರಬೇತಿ ಪಡೆದವರ ತಂಡಗಳು ಗೆದ್ದ ಪಂದ್ಯಗಳು ಉಳಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಜಾಸ್ತಿಯೂ ಇರಲಿಲ್ಲ, ಅದನ್ನೂ ಹೇಳಬೇಕಲ್ವಾ? ವ್ಯತ್ಯಾಸ ಕಂಡದ್ದು ಬೇರೆ ಕಡೆ. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದಿನ ಸೀಸನ್‌ಗೆ ಬರದೆ ಬಿಟ್ಟ ಮಕ್ಕಳು ತರಬೇತಿ ಇಲ್ಲದ ಕೋಚ್‌ಗಳ ಬಳಿ ಶೇ 26, ತರಬೇತಿ ಪಡೆದವರ ಬಳಿ ಶೇ 5. ಅದು ಚಿಕ್ಕ ಅಧ್ಯಯನ, ಒಂದೇ ಆಟದ್ದು. ಹಾಗಾಗಿ ಆ ಅಂಕಿಯನ್ನು ಎಲ್ಲ ಕಡೆಗೂ ಅಂಟಿಸುವಂತಿಲ್ಲ.

ಇನ್ನು ಬರೀ ಹೊಗಳಿಕೆ ಎಂಬ ಮಾತು. ಹುಡುಗ ಕ್ಯಾಚ್ ಬಿಟ್ಟ ಎನ್ನಿ. "ಪರವಾಗಿಲ್ಲ, ಚೆನ್ನಾಗಿ ಓಡಿದೆ. ಮುಂದಿನ ಸಲ ಎರಡೂ ಕೈಯಿಂದ ಹಿಡಿ" ಎನ್ನುವುದು ಅವರು ಕಲಿಸಿದ ರೀತಿ. ತಪ್ಪನ್ನು ತಿದ್ದುವುದು ಇದ್ದೇ ಇದೆ, ಅವಮಾನ ಮಾಡುವುದು ಮಾತ್ರ ಇಲ್ಲ.

ನನಗೆ ಕುತೂಹಲ ಅನಿಸಿದ್ದು ಇನ್ನೊಂದು. ತಾವು ಎಷ್ಟು ಬೈಯುತ್ತೇವೆ, ಎಷ್ಟು ಹುರಿದುಂಬಿಸುತ್ತೇವೆ ಎಂದು ಕೋಚ್‌ಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಮಕ್ಕಳು ಹೇಳಿದ್ದೇ ನಿಜಕ್ಕೆ ಹೆಚ್ಚು ಹತ್ತಿರವಿತ್ತು. ಅದಕ್ಕೇ ತಾವು ಹೇಗೆ ನಡೆದುಕೊಂಡೆವು ಎಂದು ಪಂದ್ಯ ಮುಗಿದ ಮೇಲೆ ತಾವೇ ತುಂಬಲು ಕೋಚ್‌ಗಳ ಕೈಗೆ ಒಂದು ಪುಟ್ಟ ಫಾರಂ ಕೊಡುತ್ತಿದ್ದರು.