ಸೀರು ಸಿಕ್ಕಿತು, ಹೆಗ್ಗಣ ನುಗ್ಗಿತು

ಚಿಕ್ಕವರಿದ್ದಾಗ ಭಾನುವಾರ ಬಂತೆಂದರೆ ಅಜ್ಜಿ ಜಗಲಿ ಮೇಲೆ ಕೂತು, ನಮ್ಮ ತಲೆಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ಸೀರಣಿಗೆ ಎಳೆಯುತ್ತಿದ್ದರು. ಹೇನು ಸಿಕ್ಕರೆ ಉಗುರಿನ ಮೇಲೆ ಚಟ್. ಸೀರು, ಅಂದರೆ ಹೇನಿನ ಮೊಟ್ಟೆ, ಅಷ್ಟು ಸುಲಭಕ್ಕೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಆ ಸೀರಿಗೆ ನಿಟ್ ಅನ್ನುತ್ತಾರೆ, ಅದನ್ನು ಹೆಕ್ಕುವುದು ನಿಟ್‌ಪಿಕಿಂಗ್. ನಮ್ಮಲ್ಲಿ ಮೊಸರಲ್ಲಿ ಕಲ್ಲು ಹುಡುಕುವುದು ಅಂತೀವಲ್ಲ, ಅದೇ. ಆದರೆ ಮೊಸರಲ್ಲಿ ಕಲ್ಲು ಹುಡುಕುವವನನ್ನು ಊರಲ್ಲಿ ಬೈಯುತ್ತಾರೆ. ಸೀರು ಹೆಕ್ಕುವವನಿಗೆ ಬೆಂಗಳೂರಲ್ಲಿ ಸಂಬಳ ಕೊಡುತ್ತಾರೆ.

ಸಾಫ್ಟ್‌ವೇರಿನವರಿಗೆ ಗೊತ್ತಿರುತ್ತೆ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಸಣ್ಣಪುಟ್ಟ ತಕರಾರಾದರೆ ಕಾಮೆಂಟಿನ ಮೊದಲಿಗೆ ‘ನಿಟ್’ ಅಂತ ಹಾಕುವುದು ರೂಢಿ. ತಿದ್ದಿದರೆ ಒಳ್ಳೆಯದು, ಬಿಟ್ಟರೂ ನಡೆಯುತ್ತೆ ಅಂತ ಅರ್ಥ. ಎಷ್ಟು ಸೌಜನ್ಯ, ಅಲ್ವಾ? ನನ್ನ 200 ಸಾಲಿನ ಕೋಡಿಗೆ ಒಮ್ಮೆ 31 ಕಾಮೆಂಟ್ ಬಂದವು. ಅಷ್ಟೂ ನಿಟ್. ‘ನಿಟ್: ಇಲ್ಲಿ ಒಂದೇ ಖಾಲಿ ಸಾಲು ಸಾಕು.’ ‘ನಿಟ್: ಕಲರ್ ಸ್ಪೆಲಿಂಗಲ್ಲಿ ಯು ಬೇಡ, ನಾವು ಬಳಸೋದು ಅಮೆರಿಕನ್ ಇಂಗ್ಲಿಷ್.’ ಬರೆದವನು ತಿಪಟೂರಿನವನು, ಓದಿದ ನಾನು ಅರಸೀಕೆರೆಯವನು. ಯು ತೆಗೆದೆ.

ಅದೇ ಕೋಡಲ್ಲಿ, ಬ್ಯಾಂಕಿನ ಉತ್ತರ ತಡವಾದರೆ ಗ್ರಾಹಕರ ದುಡ್ಡನ್ನು ಇನ್ನೊಂದು ಸಲ ಕಟ್ ಮಾಡು ಎನ್ನುವ ಸಾಲೂ ಇತ್ತು. ಬರೆದದ್ದು ನಾನೇ, ಸುಳ್ಳು ಯಾಕೆ ಹೇಳಲಿ. ಅದರ ಮೇಲೆ ಮಾತ್ರ ಯಾರ ಸೀರಣಿಗೆಯೂ ಆಡಲಿಲ್ಲ.

ಇದಕ್ಕೂ ಮುಂಚೆ ಡಿಸೈನ್ ಮೀಟಿಂಗ್ ಬೇರೆ ಆಗಿತ್ತು. ಅಲ್ಲಿ ಎಲ್ಲರೂ ಡೆವಿಲ್ಸ್ ಅಡ್ವೊಕೇಟ್, ಸೈತಾನನ ವಕೀಲರು. ಇದು ಸುಮ್ನೆ ಹುಟ್ಟಿದ ಮಾತಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ಯಾರನ್ನಾದರೂ ಸಂತರೆಂದು ಸಾರುವ ಮುಂಚೆ, ಅವರ ಬದುಕು ಚೊಕ್ಕವೇ, ಪವಾಡ ನಿಜವೇ ಅಂತ ಅಡ್ಡಪ್ರಶ್ನೆ ಹಾಕಲೆಂದೇ ಒಬ್ಬ ಅಧಿಕಾರಿ ಇರುತ್ತಿದ್ದ. 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಈ ಹುದ್ದೆಯನ್ನು ಗಟ್ಟಿ ಮಾಡಿದರು, 1983ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅದರ ಹಲ್ಲು ಕಿತ್ತರು. ವ್ಯಾಟಿಕನ್ನಿಗೆ ಒಬ್ಬನೇ ಜಾಸ್ತಿಯಾದ. ನಮ್ಮ ಔಟರ್ ರಿಂಗ್ ರೋಡಿನಲ್ಲಿ ಎಂಟು ಜನರ ಮೀಟಿಂಗಿಗೆ ಏಳು ವಕೀಲರು, ಎಂಟನೆಯವನು ಮ್ಯೂಟಿನಲ್ಲಿ. “ನನ್ನ ಅಭಿಪ್ರಾಯ ಅಲ್ಲಪ್ಪ, ಡೆವಿಲ್ಸ್ ಅಡ್ವೊಕೇಟ್ ಆಗಿ ಕೇಳ್ತಿದೀನಿ ಅಷ್ಟೇ” ಅಂತ ಪೀಠಿಕೆ ಹಾಕಿ ಒಬ್ಬರು ಕೇಳಿದ್ದು, ಬಟನ್ ನೀಲಿ ಯಾಕೆ ಅಂತ. ಇಪ್ಪತ್ತು ನಿಮಿಷ ವಾದ ನಡೆಯಿತು. ಕೊಂಕು ಸೈತಾನನ ಲೆಕ್ಕಕ್ಕೆ, ಫೀಸು ಇವರ ಜೇಬಿಗೆ.

ಒಂದು ಭಾನುವಾರ ರಾತ್ರಿ ಬ್ಯಾಂಕಿನ ಉತ್ತರ ತಡವಾಯಿತು. ಜನರ ದುಡ್ಡು ಎರಡೆರಡು ಸಲ ಕಟ್ ಆಯಿತು. ಸೋಮವಾರ ಪೂರ್ತಿ ವಾಪಸ್ ಹಾಕುವುದರಲ್ಲೇ ಹೋಯಿತು. ಮಂಗಳವಾರ ‘ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್’, ಅಂದರೆ ಯಾರನ್ನೂ ದೂರದೆ ಎಡವಟ್ಟು ಯಾಕಾಯಿತು ಅಂತ ನೋಡುವ ಮೀಟಿಂಗ್. ಹೆಣ ಇದೆ, ಗಾಯ ಇದೆ, ಚಾಕೂ ಇದೆ, ಕೊಂದವನ ಹೆಸರು ಮಾತ್ರ ಎತ್ತುವ ಹಾಗಿಲ್ಲ. ಯೋಚನೆ ಕೆಟ್ಟದ್ದೇನಲ್ಲ ಬಿಡಿ. ಬೆರಳು ತೋರಿಸಿದರೆ ಜನ ತಪ್ಪು ಮುಚ್ಚಿಡುತ್ತಾರೆ, ಅದರ ಬದಲು ಇನ್ನೊಮ್ಮೆ ಆಗದ ಹಾಗೆ ವ್ಯವಸ್ಥೆ ತಿದ್ದಿ ಅನ್ನುವುದು ಅದರ ಮೂಲ. ನಮ್ಮಲ್ಲಿ ಬೆರಳು ತೋರಿಸುವುದನ್ನು ಬಿಟ್ಟರು, ತಿದ್ದುವುದನ್ನೂ ಬಿಟ್ಟರು.

ನಾನು ತಡೆಯಲಾರದೆ “ಸಾರ್, ಆ ಸಾಲು ಬರೆದದ್ದು ನಾನೇ, ತಪ್ಪು ನಂದೇ” ಅಂದೆ. ಮಂಗಳಾರತಿ ಆಗುತ್ತೆ ಅಂತ ತಲೆ ಬಗ್ಗಿಸಿ ಕೂತೆ. ಮ್ಯಾನೇಜರ್ ಗಾಬರಿಯಾದರು. “ಛೆ ಛೆ, ಹಾಗೆಲ್ಲ ಇಲ್ಲಿ ಮಾತಾಡಬಾರದು ಕಣ್ರೀ. ಇದು ಬ್ಲೇಮ್‌ಲೆಸ್.” ನಾನು ಸಭೆಯಲ್ಲಿ ಕೆಟ್ಟ ಮಾತು ಆಡಿದವನ ಹಾಗೆ ಎಲ್ಲರೂ ನೋಡಿದರು. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಬಂದಾಗ ಮಾತ್ರ, ತಪ್ಪು ಯಾರದ್ದು ಅಂತ ನನ್ನ ಪೇಸ್ಲಿಪ್ಪಿಗೆ ಸರಿಯಾಗಿ ಗೊತ್ತಿತ್ತು.

ಆ ಪೋಸ್ಟ್‌ಮಾರ್ಟಮ್ ವರದಿಯನ್ನು ಮೊನ್ನೆ ತೆಗೆದು ನೋಡಿದೆ. ಮೂಲ ಕಾರಣ ಅನ್ನುವ ಕಡೆ ಎರಡೇ ಪದ: ‘ಪ್ರೋಸೆಸ್ ಗ್ಯಾಪ್’. ಅದರ ಪಕ್ಕದಲ್ಲಿ ಒಂದೇ ಒಂದು ಕಾಮೆಂಟ್, ನಮ್ಮ ತಿಪಟೂರಿನವನದ್ದೇ. ‘ನಿಟ್: ಎರಡು ಪದಗಳ ಮಧ್ಯೆ ಒಂದು ಸ್ಪೇಸ್ ಜಾಸ್ತಿ ಇದೆ.’