ಯಾರನ್ನೂ ಹಿಡಿಯದೆ ಸಿಕ್ಕ ಜಾಗ

ಆಗಸ್ಟ್ ಕೊನೆಯ ವಾರಾಂತ್ಯಕ್ಕೆ ಇಲ್ಲಿ ಕೆನಡಾದ ಅಲ್ಗಾನ್‌ಕ್ವಿನ್ ಪಾರ್ಕಿನಲ್ಲಿ ಸರೋವರದ ದಂಡೆಗೇ ಟೆಂಟ್ ಹಾಕುವ ಜಾಗ ಸಿಕ್ಕಿದೆ ಎಂದು ಊರಿಗೆ ಫೋನ್ ಮಾಡಿ ಹೇಳಿದೆ. ಭಾವ ಕೇಳಿದ ಮೊದಲ ಪ್ರಶ್ನೆ: “ಯಾರನ್ನ ಹಿಡಿದು ಮಾಡಿಸ್ಕೊಂಡೆ ಮಾರಾಯ?” ಯಾರನ್ನೂ ಹಿಡಿಯಲಿಲ್ಲ ಭಾವ, ಮನೆಯಲ್ಲೇ ಕೂತು ಬುಕ್ ಮಾಡಿದೆ ಅಂದೆ. “ಸರ್ಕಾರದ ಜಾಗ ಅಂತೀಯ, ನೀರಿನ ಪಕ್ಕ ಅಂತೀಯ. ಸುಮ್ನೆ ಕೊಟ್ಬಿಡ್ತಾರಾ?” ಎಂದರು. ಕೊನೆಗೂ ಅವರು ನಂಬಿದಂತೆ ಕಾಣಲಿಲ್ಲ.

ಆ ಮಾತು ಮನಸ್ಸಿಗೆ ಚುಚ್ಚಿತು. ಭಾವನ ಮೇಲೆ ಬೇಸರವಿಲ್ಲ. ನಮ್ಮ ಕಡೆ ಬೆಳೆದವರು ಯಾರೇ ಆದರೂ ಹಾಗೆಯೇ ಕೇಳುತ್ತಾರೆ, ಏಕೆಂದರೆ ಅಲ್ಲಿ ಒಳ್ಳೆಯ ಜಾಗ ಎನ್ನುವುದು ಯಾವಾಗಲೂ ಯಾರದೋ ಕೈಯಲ್ಲಿರುತ್ತದೆ.

ಅಲ್ಗಾನ್‌ಕ್ವಿನ್ ಟೊರಾಂಟೊದಿಂದ ಸುಮಾರು ಮೂರು ಗಂಟೆಯ ದಾರಿ. 1893ರಿಂದಲೂ ಪಾರ್ಕ್ ಎಂದು ಕಾಯ್ದುಕೊಂಡು ಬಂದ ಕಾಡು, ನಮ್ಮ ಇಡೀ ಶಿವಮೊಗ್ಗ ಜಿಲ್ಲೆಗಿಂತ ಸ್ವಲ್ಪವೇ ಚಿಕ್ಕದು. ಅದರ ದಕ್ಷಿಣ ಅಂಚನ್ನು ಹಾದುಹೋಗುವ 60ನೇ ಹೆದ್ದಾರಿಯ ಆಚೀಚೆ ಕ್ಯಾಂಪ್‌ಗ್ರೌಂಡುಗಳಿವೆ: ಲೇಕ್ ಆಫ್ ಟೂ ರಿವರ್ಸ್, ಪಾಗ್ ಲೇಕ್, ಕ್ಯಾನಿಸ್‌ಬೇ, ಇನ್ನೂ ಒಳಗೆ ಹೋದರೆ ರಾಕ್ ಲೇಕ್. ನಾವಿರುವ ಒಂಟಾರಿಯೊ ಪ್ರಾಂತ್ಯದ ಪಾರ್ಕುಗಳಲ್ಲಿ ಬುಕಿಂಗ್ ಐದು ತಿಂಗಳು ಮೊದಲು, ಬೆಳಗ್ಗೆ ಏಳಕ್ಕೆ ತೆರೆಯುತ್ತದೆ. ಆಗಸ್ಟ್ ಕೊನೆಗೆ ಜಾಗ ಬೇಕಿದ್ದರೆ ಮಾರ್ಚ್ ಕೊನೆಯಲ್ಲಿ, ಹೊರಗೆ ಹಿಮ ಇನ್ನೂ ಕರಗುತ್ತಿರುವಾಗಲೇ ಲ್ಯಾಪ್‌ಟಾಪ್ ಮುಂದೆ ಕೂರಬೇಕು.

ನನಗೆ ಇಲ್ಲಿ ತುಂಬ ಇಷ್ಟವಾಗುವುದು ಬುಕಿಂಗ್ ಸೈಟಿನಲ್ಲಿರುವ ನಕ್ಷೆ. ಕ್ಯಾಂಪ್‌ಗ್ರೌಂಡಿನ ಪ್ರತಿಯೊಂದು ಜಾಗಕ್ಕೂ ಒಂದು ನಂಬರ್. ನಂಬರ್ ಒತ್ತಿದರೆ ಫೋಟೊ ಬರುತ್ತದೆ. ವಿದ್ಯುತ್ ಇದೆಯೋ ಇಲ್ಲವೋ, ನೆರಳು ಎಷ್ಟು, ಎಷ್ಟು ದೊಡ್ಡ ಗಾಡಿ ನಿಲ್ಲಿಸಬಹುದು, ಎಲ್ಲವೂ ಅಲ್ಲೇ. ಪಕ್ಕದವರಿಂದ ಎಷ್ಟು ಮರೆ ಇದೆ ಎನ್ನುವುದನ್ನೂ ಒಳ್ಳೆಯದು, ಸಾಧಾರಣ, ಕಡಿಮೆ ಎಂದು ಬರೆದಿರುತ್ತಾರೆ. ತನ್ನದೇ ಜಾಗದ ಬಗ್ಗೆ ಸರ್ಕಾರವೇ “ಇಲ್ಲಿ ಮರೆ ಕಡಿಮೆ” ಎಂದು ಬರೆದು ಬಾಡಿಗೆಗೆ ಕೊಡುವುದನ್ನು ಮೊದಲ ಸಲ ನೋಡಿದಾಗ ನನಗೆ ಬಹಳ ಗೌರವ ಬಂತು. ಆ ಗೌರವ ಇಂದಿಗೂ ಹೋಗಿಲ್ಲ.

ಬೇಸಿಗೆ ಮುಗಿಯುವ ಹೊತ್ತಿನ ಕ್ಯಾಂಪಿಂಗಿಗೆ ಜಾಗ ಆರಿಸುವ ಲೆಕ್ಕವೇ ಬೇರೆ. ಜುಲೈಯಲ್ಲಿ ಎಲ್ಲರೂ ನೆರಳು ಹುಡುಕುತ್ತಾರೆ. ಆಗಸ್ಟ್ ಕೊನೆಗೆ ರಾತ್ರಿ ಹತ್ತು ಡಿಗ್ರಿಗೂ ಕೆಳಗೆ ಇಳಿಯಬಹುದು, ಬೆಳಗ್ಗೆ ಟೆಂಟಿನ ಮೇಲೆ ಇಬ್ಬನಿ ನೀರಾಗಿ ಹರಿಯುತ್ತಿರುತ್ತದೆ. ಹಾಗಾಗಿ ನಾನು ನೋಡುವುದು ಪೂರ್ವಕ್ಕೆ ತೆರೆದುಕೊಂಡ ಜಾಗ, ಬೆಳಗ್ಗೆ ಎಂಟರ ಬಿಸಿಲು ನೇರ ಟೆಂಟಿಗೆ ಬೀಳುವಂಥದ್ದು. ತಗ್ಗಿನಲ್ಲಿ ತಣ್ಣನೆಯ ಗಾಳಿ ಬಂದು ಕೂರುತ್ತದೆ, ಅದು ಬೇಡ. ಆ ಹೊತ್ತಿಗೆ ಸೊಳ್ಳೆ ಬಹುಪಾಲು ಹೋಗಿರುತ್ತದೆ, ಆದರೆ ಕಣಜಗಳ ಕಾಟ ಹೆಚ್ಚು. ಕಸದ ಡಬ್ಬಿಯ ಹತ್ತಿರದ ನಂಬರುಗಳನ್ನು ಬಿಟ್ಟುಬಿಡುತ್ತೇನೆ. ಶೌಚಾಲಯಕ್ಕೆ ಮಕ್ಕಳು ಟಾರ್ಚ್ ಹಿಡಿದು ನಡೆದು ಹೋಗುವಷ್ಟು ಹತ್ತಿರ ಸಾಕು, ಬಾಗಿಲು ಬಡಿಯುವ ಸದ್ದು ಕೇಳುವಷ್ಟು ಬೇಡ. ಬೀಚಿಗೆ ಹೋಗುವ ಕಾಲುದಾರಿಯ ಮೂಲೆಯ ಜಾಗ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ದಿನವಿಡೀ ಜನ ನಿಮ್ಮ ಒಲೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ನೀರು ಮಾತ್ರ ಈಜಲು ಇನ್ನೂ ಹಿತವಾಗಿರುತ್ತದೆ. ಸೆಪ್ಟೆಂಬರಿನ ಮೊದಲ ಸೋಮವಾರ ಲೇಬರ್ ಡೇ ರಜೆ. ಆ ವಾರಾಂತ್ಯ ಜಾತ್ರೆ. ಮರುದಿನದಿಂದ ಶಾಲೆ ಶುರು, ಹಾಗಾಗಿ ಅದರ ಮುಂದಿನ ಶನಿವಾರಕ್ಕೆ ನೋಡಿದರೆ ಒಳ್ಳೆಯ ನಂಬರುಗಳು ಸಿಗುವ ಸಾಧ್ಯತೆ ಹೆಚ್ಚು.

ಇಷ್ಟನ್ನೂ ನಾನು ಯಾರ ಬಾಗಿಲಿಗೂ ಹೋಗದೆ ಕಲಿತೆ. ಒಂದು ಸಲ ರಾಕ್ ಲೇಕಿನಲ್ಲಿ ನಮ್ಮ ಪಕ್ಕದ ಜಾಗ ಬಸ್ ಡ್ರೈವರ್ ಒಬ್ಬರದು, ಅದರಾಚೆಯದು ದೊಡ್ಡ ಆಸ್ಪತ್ರೆಯ ಸರ್ಜನ್ ಒಬ್ಬರದು. ನೀರಿಗೆ ಹತ್ತಿರ ಇದ್ದದ್ದು ಡ್ರೈವರಿನ ಜಾಗ.

ಈಗ ಊರಿನ ಮಾತು. ನಮ್ಮ ತಂದೆ ಪ್ರೈಮರಿ ಶಾಲೆಯ ಮೇಷ್ಟ್ರು. ಮಲೆನಾಡಿನಲ್ಲಿ ಹೊಳೆಯ ಮೇಲ್ಗಡೆ ಒಂದು ಸರ್ಕಾರಿ ಬಂಗಲೆ ಇತ್ತು. ಹಂಚಿನ ಮಾಡು, ಕೆಂಪು ಗಾರೆ ನೆಲ, ಉದ್ದಕ್ಕೂ ಜಗಲಿ. ಅಲ್ಲಿ ಒಂದು ರಾತ್ರಿ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಇರಬೇಕು ಎಂಬುದು ಅವರ ಆಸೆ. ಚಂದದ ಅಕ್ಷರದಲ್ಲಿ ಅರ್ಜಿ ಬರೆದು ಕೊಟ್ಟರು. ಉತ್ತರ ಬರಲಿಲ್ಲ. ಖುದ್ದಾಗಿ ಹೋಗಿ ಕೇಳಿದರೆ “ಆ ದಿನ ಸಾಹೇಬರು ಬರ್ತಾರೆ” ಎಂದರು. ಮುಂದಿನ ಬೇಸಿಗೆ ರಜೆಯಲ್ಲೂ ಸಾಹೇಬರೇ ಬರುವವರಿದ್ದರು. ಕೊನೆಗೆ ಯಾರದೋ ಮೂಲಕ ಎಮ್ಮೆಲ್ಲೆ ಮನೆಯಿಂದ ಒಂದು ಚೀಟಿ ಬಂತು, ಬಂಗಲೆಯೂ ಸಿಕ್ಕಿತು. ಬಂಗಲೆ ನೋಡಿಕೊಳ್ಳುವ ಮೇಟಿ ಬಂದು ಬೀಗ ತೆಗೆದು ರಿಜಿಸ್ಟರ್ ಮುಂದಿಟ್ಟ. ಅಪ್ಪ ಸಹಿ ಹಾಕುವ ಮೊದಲು ಹಾಳೆ ತಿರುವಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾಹೇಬರು ಬರುತ್ತಾರೆ ಎಂದಿದ್ದ ದಿನಗಳ ಎದುರು ಯಾರ ಹೆಸರೂ ಇರಲಿಲ್ಲ. ಅಪ್ಪ ಏನೂ ಅನ್ನದೆ ಪೆನ್ನಿನ ಕ್ಯಾಪ್ ತೆಗೆದು ಸಹಿ ಮಾಡಿದರು.

ಆ ಖಾಲಿ ಸಾಲುಗಳನ್ನು ನನಗೆ ಮರೆಯಲು ಆಗಿಲ್ಲ. ಕೋಣೆ ಖಾಲಿ ಬಿದ್ದಿರಲಿ ಪರವಾಗಿಲ್ಲ, ಮೇಷ್ಟ್ರಿಗೆ ಕೊಡಬಾರದು ಎಂಬ ಮನಸ್ಸು ಅದು. ಇಲ್ಲಿ ಸೌಲಭ್ಯ ಹೆಚ್ಚು, ರಸ್ತೆ ಚೆನ್ನ ಎಂದು ಊರಿನವರ ಮುಂದೆ ಹೇಳುವ ಅಭ್ಯಾಸ ನನಗಿಲ್ಲ. ಅಲ್ಗಾನ್‌ಕ್ವಿನ್ನಿನಲ್ಲಿ ಸಿಗುವುದು ಮಟ್ಟಸ ಮಾಡಿದ ಒಂದು ತುಂಡು ನೆಲ, ಒಂದು ಮರದ ಮೇಜು, ಬೆಂಕಿ ಹಾಕಲು ಒಂದು ಕಬ್ಬಿಣದ ಬಳೆ, ಅಷ್ಟೇ. ಆ ಬಂಗಲೆಯ ಜಗಲಿಗೆ ಅದು ಯಾವ ಸಾಟಿಯೂ ಅಲ್ಲ. ಆದರೆ ಇಲ್ಲಿ ಯಾವ ಜಾಗ ಯಾವ ದಿನ ಖಾಲಿ ಇದೆ ಎಂಬುದು ಎಲ್ಲರಿಗೂ ಕಾಣುತ್ತದೆ.

ಇಲ್ಲಿಯೂ ಎಲ್ಲ ಸರಿ ಇದೆ ಎಂದೇನೂ ಅಲ್ಲ. ಬೇಕಾದ್ದಕ್ಕಿಂತ ಹೆಚ್ಚು ದಿನ ಬುಕ್ ಮಾಡಿಕೊಂಡು ಆಮೇಲೆ ಬೇಡದ ರಾತ್ರಿಗಳನ್ನು ಕೈಬಿಡುವವರ ಹಾವಳಿ ಹೆಚ್ಚಾಗಿ, 2023ರಿಂದ ಅಲ್ಗಾನ್‌ಕ್ವಿನ್ ಸೇರಿ ಕೆಲವು ಪಾರ್ಕುಗಳಲ್ಲಿ ಬೇಸಿಗೆಯ ವಾಸವನ್ನು ಏಳು ರಾತ್ರಿಗೆ ಮಿತಿಗೊಳಿಸಬೇಕಾಯಿತು. ಐದು ತಿಂಗಳು ಮೊದಲೇ ರಜೆ ಗೊತ್ತುಮಾಡಿಕೊಳ್ಳಲು ಶಿಫ್ಟಿನಲ್ಲಿ ದುಡಿಯುವವರಿಗೆ ಆಗುವುದಿಲ್ಲ ಎಂಬುದೂ ನಿಜ. ಯಾರಾದರೂ ರದ್ದು ಮಾಡಿದರೆ ತಿಳಿಸುವ ವ್ಯವಸ್ಥೆ ಇದೆ, ಆದರೆ ಅಷ್ಟರಲ್ಲಿ ಇನ್ನೊಬ್ಬರು ಎತ್ತಿಕೊಂಡಿರುತ್ತಾರೆ.

ಇನ್ನೊಂದು ಮಾತು, ಹೇಳಲು ಮನಸ್ಸು ಬಾರದಿದ್ದರೂ ಹೇಳಬೇಕು. ಒಂದೇ ಕುಟುಂಬದವರಲ್ಲದಿದ್ದರೆ ಒಂದು ಜಾಗಕ್ಕೆ ಆರೇ ಜನ. ನಾವು ನಾಲ್ಕು ಕನ್ನಡದ ಮನೆಯವರು ಸೇರಿ ಹೊರಟರೆ ನಾಲ್ಕು ನಂಬರುಗಳು ಅಕ್ಕಪಕ್ಕ ಸಿಗುವುದೇ ಇಲ್ಲ. ಒಬ್ಬರು ಇಲ್ಲಿ, ಒಬ್ಬರು ಆ ತಿರುವಿನಾಚೆ. ರಾತ್ರಿ ಹತ್ತಕ್ಕೆ ಸದ್ದಡಗಬೇಕು; ಹಾಡು ಶುರುವಾಗುವ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಟೆಂಟಿಗೆ. ಆ ಬಂಗಲೆಯಲ್ಲಿ ಅಂದು ರಾತ್ರಿ ನಾವು ಹನ್ನೆರಡು ಜನ ಒಂದೇ ಹಾಸಿನಲ್ಲಿ ಮಲಗಿದ್ದೆವು, ಮೇಟಿ ತನ್ನ ಮನೆಯಿಂದ ಅಕ್ಕಿರೊಟ್ಟಿ ಮಾಡಿಸಿ ತಂದಿದ್ದ. ಅಂಥ ರಾತ್ರಿ ಇಲ್ಲಿ ನನ್ನ ಮಕ್ಕಳಿಗೆ ಸಿಕ್ಕಿಲ್ಲ.

ಊರಿನ ಕಾಡೂ ಬೇರೆಯೇ. ಇಲ್ಲಿ ಕರಡಿ ಇದೆ, ತಿಂಡಿಯೆಲ್ಲ ಕಾರಿನೊಳಗಿಟ್ಟು ಬೀಗ ಹಾಕಿದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಆನೆ ಓಡಾಡುವ ಕಾಡಿನಲ್ಲಿ ನಂಬರ್ ಕೊಟ್ಟು ಟೆಂಟ್ ಹಾಕಿಸಲು ಆಗುವುದಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದ್ದು 563 ಹುಲಿ. ಅಂಥ ನೆಲದಲ್ಲಿ ರಾತ್ರಿ ಜನರನ್ನು ಹೊರಗಿಡುವುದೇ ಸರಿ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು, ದಿನಕ್ಕೆ ಇಷ್ಟೇ ಜನ ಎಂದು ಮಿತಿಯನ್ನೂ ಹಾಕಿತು. ಅದನ್ನು ಓದಿ ನನಗೆ ನಿಜವಾಗಿ ಖುಷಿಯಾಯಿತು.

ಬೆಟ್ಟಕ್ಕೆ ಮಾಡಿದ್ದನ್ನು ಬಂಗಲೆಗೂ ಮಾಡಲಿ. ಯಾವ ಇಲಾಖೆಯದೇ ಆಗಲಿ, ಪ್ರತಿ ಕೋಣೆಗೊಂದು ನಂಬರ್, ಒಂದು ಫೋಟೊ, ಮುಂದಿನ ಮೂರು ತಿಂಗಳ ದಿನಾಂಕಗಳು ಎಲ್ಲರಿಗೂ ಕಾಣುವಂತೆ ಇರಲಿ. ಸಾಹೇಬರಿಗೆ ಎರಡು ಕೋಣೆ ಬೇಕಿದ್ದರೆ ಇಟ್ಟುಕೊಳ್ಳಲಿ, ಆದರೆ ಅದನ್ನೂ ಅಲ್ಲೇ ಬರೆಯಲಿ. ಅವರು ಬಾರದ ದಿನ ಅದು ಅರ್ಜಿ ಹಾಕಿದ ಮೇಷ್ಟ್ರಿಗೆ ಹೋಗಲಿ.