ಸುಂಕದವನ ಸ್ವಂತ ಅಂಗಡಿ

ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಳ್ಳಬೇಡ ಅಂತ ಹಿರಿಯರು ಹೇಳಿದ್ದರು. ಆ ಸುಂಕದವನೇ ಪಕ್ಕದಲ್ಲಿ ನಿಮ್ಮದೇ ಮಾಲಿನ ಅಂಗಡಿ ಇಟ್ಟರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ಪಾಪ, ಅವರ ಹತ್ತಿರ ಐಫೋನ್ ಇರಲಿಲ್ಲ.

ಸ್ವೀಡನ್ನಿನ ಸ್ಪಾಟಿಫೈ ಹಾಡು ಕೇಳಿಸುವ ಕಂಪನಿ. ಅಮೆರಿಕದಲ್ಲಿ ಆಗ ತಿಂಗಳಿಗೆ 9.99 ಡಾಲರ್. ಐಫೋನ್ ಆಪ್ ಒಳಗೇ ದುಡ್ಡು ಕಟ್ಟಿದರೆ ಅದರಲ್ಲಿ ಶೇ. 30 ಆಪಲ್‌ಗೆ. ಹಾಗಾಗಿ ಆಪ್ ಒಳಗಿನ ರೇಟು 12.99 ಆಯಿತು. 2015ರಲ್ಲಿ ಆಪಲ್ ತನ್ನದೇ ಹಾಡಿನ ಅಂಗಡಿ, ಆಪಲ್ ಮ್ಯೂಸಿಕ್, ತೆರೆಯಿತು. ರೇಟು? 9.99. ಎಡಗೈಯಿಂದ ಬಲಗೈಗೆ ಸುಂಕ ಕಟ್ಟಿಕೊಳ್ಳುವವನಿಗೆ ಏನು ಕಷ್ಟ ಹೇಳಿ.

ಸರಿ, ನಮ್ಮ ವೆಬ್‌ಸೈಟಿನಲ್ಲಿ 3 ಡಾಲರ್ ಕಡಿಮೆ ಅಂತ ಆಪ್‌ನಲ್ಲಿ ಒಂದು ಸಾಲು ಬರೆಯೋಣ ಅಂತ ಸ್ಪಾಟಿಫೈ ಅಂದರೆ, ಅದೂ ಕೂಡದು, ಲಿಂಕೂ ಕೂಡದು ಅಂತ ಆಪಲ್. ಕೊನೆಗೆ 2016ರಲ್ಲಿ ಸ್ಪಾಟಿಫೈ ಆಪ್ ಒಳಗೆ ಮಾರುವುದನ್ನೇ ನಿಲ್ಲಿಸಿತು. ಆಮೇಲೆ ಆಪ್ ತೆರೆದರೆ ಇಲ್ಲಿ ಪ್ರೀಮಿಯಂ (ಅಂದರೆ ದುಡ್ಡು ಕಟ್ಟುವ ಚಂದಾ) ಸಿಗಲ್ಲ ಅಂತಷ್ಟೇ ಇರುತ್ತಿತ್ತು, ಎಲ್ಲಿ ಸಿಗುತ್ತೆ ಅಂತ ಇಲ್ಲ. ಹೋಟೆಲ್ ಮಾಣಿ ಬಾಗಿಲಲ್ಲಿ ನಿಂತು, 'ಊಟ ಇದೆ ಸಾರ್, ಎಲ್ಲಿ ಅಂತ ಹೇಳಿದ್ರೆ ಓನರ್ ಬೈತಾರೆ' ಅಂದ ಹಾಗೆ.

ಅದೇ ಫೋನಿನಲ್ಲಿ ಮಸಾಲೆ ದೋಸೆ ತರಿಸಿ, ಟ್ಯಾಕ್ಸಿ ಕರೆಸಿ, ಆಪಲ್ ಕಮಿಷನ್ ಕೇಳಲ್ಲ. ದೋಸೆ ಕೈಗೆ ಸಿಗುವ ವಸ್ತು, ಹಾಡು ಡಿಜಿಟಲ್ ಅಂತೆ. (ಆಪಲ್ ಇನ್ನೂ ದೋಸೆ ಹುಯ್ಯಲು ಶುರು ಮಾಡಿಲ್ಲ, ಅದೇ ಅಸಲಿ ಕಾರಣ ಅಂತ ನನ್ನ ಗುಮಾನಿ.)

2019ರಲ್ಲಿ ಸ್ಪಾಟಿಫೈ ಯುರೋಪಿಯನ್ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು. ಬೇರೆ ಕಡೆ ಕಡಿಮೆಗೆ ಸಿಗುತ್ತೆ ಅಂತ ಗಿರಾಕಿಗೆ ಹೇಳದಂತೆ ಬಾಯಿ ಕಟ್ಟಿದ್ದಕ್ಕೆ 2024ರ ಮಾರ್ಚ್‌ನಲ್ಲಿ ಆಪಲ್‌ಗೆ 180 ಕೋಟಿ ಯೂರೋಗೂ ಜಾಸ್ತಿ ದಂಡ ಬಿತ್ತು. ಆಗ ಆಪಲ್‌ನ ಗೋಳು ಕೇಳಬೇಕಿತ್ತು: ಸ್ಪಾಟಿಫೈ ನಮಗೆ ಏನೂ ಕೊಡೋದೇ ಇಲ್ಲ! ಅಂಗಡಿಗೆ ಬೀಗ ಹಾಕಿಸಿದವರೇ ಬಾಡಿಗೆ ಬರ್ತಿಲ್ಲ ಅಂತ ಅತ್ತರೆ ಕರ್ಚೀಫ್ ಯಾರು ಕೊಡಬೇಕು?

ಅಮೆರಿಕದ ಕಥೆ ಇನ್ನೂ ಚೆಂದ. ಎಪಿಕ್ ಗೇಮ್ಸ್ ಅನ್ನುವ ಗೇಮ್ ಕಂಪನಿ ಆಪಲ್ ಮೇಲೆ ಹಾಕಿದ ಕೇಸಿನಲ್ಲಿ, ಹೊರಗಿನ ಲಿಂಕ್ ಹಾಕಲು ಬಿಡಿ ಅಂತ ಕೋರ್ಟ್ 2021ರಲ್ಲೇ ಹೇಳಿತ್ತು. ಮೇಲ್ಮನವಿ ಎಲ್ಲ ಮುಗಿಸಿ 2024ರ ಜನವರಿಯಲ್ಲಿ ಆಪಲ್ ಬಿಟ್ಟಿತು, ಒಂದು ಸಣ್ಣ ಷರತ್ತಿನ ಮೇಲೆ: ಲಿಂಕ್ ಒತ್ತಿದವನು 7 ದಿನದೊಳಗೆ ಹೊರಗೆ ಕೊಂಡರೂ ನಮಗೆ ಶೇ. 27. ಅಂದರೆ ಈ ಸಂತೆಯಿಂದ ಮುಂದಿನ ಸಂತೆವರೆಗೆ ಸುಂಕದವನು ಗಿರಾಕಿಯ ಹಿಂದೆಯೇ ಚೀಲ ಹಿಡಿದು ಅವನ ಮನೆವರೆಗೂ ನಡೆಯುತ್ತಾನೆ. ಇದು ಆದೇಶದ ಉಲ್ಲಂಘನೆ ಅಂತ ಜಡ್ಜ್ 2025ರ ಏಪ್ರಿಲ್‌ನಲ್ಲಿ ಸಿಟ್ಟಾದರು.

ಅಲ್ಲ, ಆಪಲ್‌ನವರು ಶೇ. 3 ಬಿಟ್ಟುಕೊಟ್ಟಿದ್ದರಲ್ವಾ? ಬಿಟ್ಟಿದ್ದರು. ಹೊರಗೆ ಕಾರ್ಡ್ ಉಜ್ಜಿದರೆ ಕಾರ್ಡಿನವರು ಕತ್ತರಿಸಿಕೊಳ್ಳುವುದೂ ಹೆಚ್ಚು ಕಡಿಮೆ ಅಷ್ಟೇ.